ನ್ಯೂಯಾರ್ಕ್‌ನ ನಿರ್ಣಯ, ಮಡಿಕೇರಿಯ ನೋಂದಣಿ ಪುಸ್ತಕ

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರಿಗೆ ಸಿ ಫಾರಂ ಎಂದರೆ ಒಂದು ಕಿರಿಕಿರಿ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಇಲ್ಲದಿದ್ದರೆ ಪೊಲೀಸರು ಕೇಳುತ್ತಾರೆ, ಅಷ್ಟೇ. ಬ್ಯಾಂಕಿನ ಕೆವೈಸಿ ಇನ್ನೊಂದು ಕಿರಿಕಿರಿ. ಸಂಘದ ಖಾತೆಗೆ ಹೊರದೇಶದಿಂದ ದುಡ್ಡು ಬಂದರೆ ನೂರೆಂಟು ಪ್ರಶ್ನೆ, ತೋಟದ ಲೈನ್‌ಮನೆಗಳಲ್ಲಿರುವ ಕಾರ್ಮಿಕರದ್ದು ದಾಖಲೆ ಪಟ್ಟಿ, ಕೋವಿಗೆ ವಿನಾಯಿತಿ ಪತ್ರ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಕಾಟ ಎಂದೇ ನಾವು ಲೆಕ್ಕ ಹಾಕಿಕೊಂಡಿದ್ದೇವೆ. ಕೆಲವು ನಿಯಮಗಳು ಬ್ರಿಟಿಷರ ಕಾಲದವು ಎನ್ನುವುದೂ ನಿಜ. ಆದರೆ ಇವತ್ತು ಅವುಗಳ ಹಿಂದಿರುವ ಒತ್ತಡ ಎಲ್ಲಿಂದ ಬರುತ್ತದೆ ಎಂದು ಹುಡುಕಿದರೆ ಮತ್ತೆ ಮತ್ತೆ ಸಿಗುವುದು ಎರಡು ಊರು: ವಿಶ್ವಸಂಸ್ಥೆ ಇರುವ ನ್ಯೂಯಾರ್ಕ್ ಮತ್ತು ಎಫ್‌ಎಟಿಎಫ್ ಎಂಬ ಹಣಕಾಸು ಕಾರ್ಯಪಡೆ ಇರುವ ಪ್ಯಾರಿಸ್.

ಭದ್ರತಾ ಮಂಡಳಿಯ 1373ನೇ ನಿರ್ಣಯ ಅಂಗೀಕಾರವಾದದ್ದು 2001ರ ಸೆಪ್ಟೆಂಬರ್ 28ರಂದು, ಅಮೆರಿಕದ ಮೇಲಿನ ದಾಳಿಯಾಗಿ ಮೂರು ವಾರ ತುಂಬುವ ಮೊದಲೇ. ಅದಕ್ಕಿಂತ ಮುಂಚಿನ ಭಯೋತ್ಪಾದನೆ ವಿರೋಧಿ ಒಪ್ಪಂದಗಳು ಸಹಿ ಹಾಕಿದ ದೇಶಗಳನ್ನಷ್ಟೇ ಕಟ್ಟಿಹಾಕುತ್ತಿದ್ದವು. ಇದು ಹಾಗಲ್ಲ. ವಿಶ್ವಸಂಸ್ಥೆಯ ಸನ್ನದಿನ ಏಳನೇ ಅಧ್ಯಾಯದಡಿ ಹೊರಟದ್ದರಿಂದ ಎಲ್ಲ ದೇಶಗಳೂ ಪಾಲಿಸಲೇಬೇಕು: ಭಯೋತ್ಪಾದನೆಗೆ ಹಣ ಕೊಡುವುದನ್ನು ಅಪರಾಧ ಮಾಡಿ, ಆಸ್ತಿ ತಡೆಹಿಡಿಯಿರಿ, ಆಶ್ರಯ ಕೊಡಬೇಡಿ, ಗಡಿ ಮತ್ತು ಪ್ರಯಾಣದ ದಾಖಲೆ ಬಿಗಿ ಮಾಡಿ. ವಿಚಿತ್ರವೆಂದರೆ ಭಯೋತ್ಪಾದನೆ ಎಂದರೆ ಏನು ಎಂದು ನಿರ್ಣಯ ಹೇಳಲಿಲ್ಲ. ಸಮಗ್ರ ಒಪ್ಪಂದವೊಂದರ ಕರಡನ್ನು ಭಾರತ 1996ರಲ್ಲೇ ಮುಂದಿಟ್ಟಿತ್ತು, ಅದು ಇಂದಿಗೂ ವ್ಯಾಖ್ಯೆಯ ಜಗಳದಲ್ಲಿ ಸಿಕ್ಕಿಕೊಂಡಿದೆ. ವ್ಯಾಖ್ಯೆ ಇಲ್ಲದೆ ಕಡ್ಡಾಯ ಮಾತ್ರ ಬಂದರೆ ಪ್ರತಿ ಸರ್ಕಾರ ತನಗೆ ಬೇಕಾದವರನ್ನು ಆ ಪದದೊಳಗೆ ತುಂಬುತ್ತದೆ. ಈ ಇಡೀ ವ್ಯವಸ್ಥೆಯ ಅರ್ಧ ಕಾಯಿಲೆಗೆ ಮೂಲ ಅಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಸಿ ಫಾರಂ, ಏಕೆಂದರೆ ತಪ್ಪುಗಳು ಹೆಚ್ಚು ಕಾಣುವುದು ಅಲ್ಲಿ. 1946ರ ವಿದೇಶಿಯರ ಕಾಯ್ದೆ ಈಗ ಇಲ್ಲ, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಆದರೂ ಜನರ ಬಾಯಲ್ಲಿ ಅದು ಸಿ ಫಾರಮ್ಮೇ. ಮೊದಲು ಹೋಂಸ್ಟೇ ಮಾಲೀಕರು ಪೋರ್ಟಲಿನಲ್ಲಿ ಹೆಸರು, ವಿಳಾಸ, ಫೋನ್ ಕೊಟ್ಟು ಖಾತೆ ತೆರೆಯಬೇಕು, ಸಂಬಂಧಪಟ್ಟ ನೋಂದಣಿ ಅಧಿಕಾರಿಯ ಒಪ್ಪಿಗೆ ಸಿಗಬೇಕು. ನಮ್ಮ ಜಿಲ್ಲೆಗೆ ಅದು ಮಡಿಕೇರಿಯ ಎಸ್‌ಪಿ ಕಚೇರಿ. ಈ ಒಪ್ಪಿಗೆಗೆ ಸಮಯ ಹಿಡಿಯುತ್ತದೆ. ಮೊದಲ ವಿದೇಶಿ ಅತಿಥಿ ಗೇಟಿನಲ್ಲಿ ನಿಂತಾಗ ಖಾತೆ ತೆರೆಯಲು ಕೂತರೆ 24 ಗಂಟೆ ಸಾಲುವುದಿಲ್ಲ. ಆಮೇಲೆ ಒಬ್ಬೊಬ್ಬರಿಗೂ ಪ್ರತ್ಯೇಕ ನಮೂದು: ಪಾಸ್‌ಪೋರ್ಟ್ ಸಂಖ್ಯೆ, ವೀಸಾದ ಸಂಖ್ಯೆ ಮತ್ತು ಬಗೆ, ಎರಡರ ಅವಧಿ, ಭಾರತಕ್ಕೆ ಇಳಿದ ದಿನ, ಎಲ್ಲಿಂದ ಬಂದರು, ಇಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಫೋಟೋ.

ಕೆಡುವುದು ಹೀಗೆ. ಆರು ಜನರ ಗುಂಪು ಬಂದರೆ ಮುಂದಾಳು ಒಬ್ಬರದ್ದು ಮಾತ್ರ ತುಂಬುತ್ತಾರೆ. ಮಕ್ಕಳನ್ನು ಬಿಟ್ಟುಬಿಡುತ್ತಾರೆ. ವೀಸಾ ಸಂಖ್ಯೆಯ ಜಾಗದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬರುತ್ತದೆ. ಇಂಗ್ಲಿಷಿನ ಸೊನ್ನೆ ಮತ್ತು ಓ ಅಕ್ಷರ ಅದಲುಬದಲಾಗುತ್ತವೆ. ಮುಂದೆ ಹೋಗುವ ಊರು ಎಂಬಲ್ಲಿ ಎಲ್ಲರಿಗೂ ಬೆಂಗಳೂರು ಎಂದು ಬರೆದುಬಿಡುತ್ತಾರೆ, ಅತಿಥಿ ಕುಟ್ಟದ ದಾರಿಯಲ್ಲಿ ವಯನಾಡಿಗೆ ಹೊರಟಿದ್ದರೂ. ಎಲ್ಲಕ್ಕಿಂತ ಸಾಮಾನ್ಯವಾದ ತೊಡಕು: ಮಾಲೀಕರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ, ಲಾಗಿನ್ ಅವರ ಫೋನಿನಲ್ಲಿ, ಮನೆಯಲ್ಲಿರುವುದು ಅಡುಗೆಯವರು ಮತ್ತು ರೈಟರು. ಜುಲೈ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಎರಡು ದಿನ ಹೋದರೆ ಮುಗಿಯಿತು. ಇದಕ್ಕೆ ದೊಡ್ಡ ಉಪಾಯವೇನೂ ಬೇಡ. ಅತಿಥಿ ಬಂದ ಕೂಡಲೇ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ, ಕಾಗದದ ರಿಜಿಸ್ಟರಿನಲ್ಲಿ ಬಂದ ಸಮಯ ಬರೆದು ಸಹಿ ಹಾಕಿಸಿ, ಠಾಣೆಗೆ ಫೋನ್ ಮಾಡಿ ತಿಳಿಸಿ, ನೆಟ್‌ವರ್ಕ್ ಬಂದ ಮೇಲೆ ತುಂಬಿ. ಕುಶಾಲನಗರದ ಕಡೆಯವರಿಗೆ ಇನ್ನೊಂದು ಮಾತು: ನದಿಯಾಚೆಯ ಬೈಲಕುಪ್ಪೆಯಲ್ಲಿ ವಿದೇಶಿಯರು ರಾತ್ರಿ ತಂಗಲು ಗೃಹ ಸಚಿವಾಲಯದ ಪ್ರತ್ಯೇಕ ಪರವಾನಗಿ ಬೇಕು. ಅದು ಸಿಗದವರು ಹಗಲು ಗೋಲ್ಡನ್ ಟೆಂಪಲ್ ನೋಡಿ ರಾತ್ರಿ ಈಚೆ ಬರುತ್ತಾರೆ. ಅವರ ನಮೂದು ನಿಮ್ಮ ಮೇಲೆಯೇ ಬೀಳುತ್ತದೆ.

ಇಷ್ಟೆಲ್ಲ ತುಂಬಿದರೆ ದಾಳಿ ನಿಲ್ಲುತ್ತದೆಯೇ? ಇಲ್ಲ. 2008ರ ಮುಂಬೈ ದಾಳಿಗೆ ಜಾಗ ಗುರುತಿಸಿಕೊಟ್ಟ ಡೇವಿಡ್ ಹೆಡ್ಲಿಯ ವಿಷಯ ನೋಡಿ. ಹುಟ್ಟಿದಾಗ ದಾವೂದ್ ಗಿಲಾನಿ, 2006ರಲ್ಲಿ ಹೆಸರು ಬದಲಿಸಿಕೊಂಡ, ಹೊಸ ಹೆಸರಿನ ಅಮೆರಿಕದ ಪಾಸ್‌ಪೋರ್ಟಿನಲ್ಲಿ 2006ರಿಂದ 2008ರ ನಡುವೆ ಐದು ಸಲ ಮುಂಬೈಗೆ ಬಂದು ಜಾಗಗಳನ್ನು ಚಿತ್ರೀಕರಿಸಿಕೊಂಡು ಹೋದ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಆ ದಾಳಿಯಲ್ಲಿ 166 ಜನ ಸತ್ತ ಮೇಲೆ, 2009ರ ಅಕ್ಟೋಬರಿನಲ್ಲಿ ಶಿಕಾಗೋದಲ್ಲಿ ಸಿಕ್ಕಿಬಿದ್ದ. ಯಾವ ರಿಸೆಪ್ಷನಿಸ್ಟೂ ಅವನನ್ನು ಮುಖ ನೋಡಿ ಹಿಡಿಯುವುದು ಸಾಧ್ಯವಿರಲಿಲ್ಲ, ಹಾಗೆ ಹಿಡಿಯಲೆಂದು ಫಾರಂ ಇರುವುದೂ ಅಲ್ಲ. ಅದರ ಕೆಲಸ ಜಾಡು ಉಳಿಸುವುದು: ಯಾವ ದಿನ, ಯಾವ ಊರು, ಜೊತೆಗೆ ಯಾರು, ಮುಂದೆ ಎಲ್ಲಿಗೆ. 2017ರ ಡಿಸೆಂಬರಿನ 2396ನೇ ನಿರ್ಣಯ ವಿಮಾನ ಕಂಪನಿಗಳಿಂದ ಪ್ರಯಾಣಿಕರ ಮಾಹಿತಿ ಮುಂಚಿತವಾಗಿ ಪಡೆದು ವಿಶ್ಲೇಷಿಸಬೇಕೆಂದು ಎಲ್ಲ ದೇಶಗಳಿಗೆ ಹೇಳಿದ್ದೂ ಇದೇ ಲೆಕ್ಕದಲ್ಲಿ. ಅರ್ಧ ತುಂಬಿದ ಫಾರಂ ಆ ಜಾಡನ್ನು ಕಡಿಯುತ್ತದೆ. ಹೋಂಸ್ಟೇಯವರು ತಮ್ಮನ್ನು ಪತ್ತೇದಾರರೆಂದು ಭಾವಿಸಿಕೊಂಡು ಗಡ್ಡ, ಬಟ್ಟೆ, ಹೆಸರು ನೋಡಿ ಕೆಲವರಿಗೆ ಮಾತ್ರ ಫಾರಂ ತುಂಬಿದರೂ ಕಡಿಯುತ್ತದೆ.

ಇನ್ನು ದುಡ್ಡು. ಎಫ್‌ಎಟಿಎಫ್ ಹುಟ್ಟಿದ್ದು 1989ರಲ್ಲಿ, ಜಿ7 ದೇಶಗಳ ಪ್ಯಾರಿಸ್ ಸಭೆಯಿಂದ, ಮಾದಕ ದ್ರವ್ಯದ ಹಣದ ಹಿಂದೆ ಬೀಳಲು. 2001ರ ಅಕ್ಟೋಬರಿನಲ್ಲಿ ಭಯೋತ್ಪಾದನೆಯ ಹಣವನ್ನೂ ಅದರ ಹೆಗಲಿಗೆ ಹಾಕಿದರು. ಈಗ ಅದರ ಶಿಫಾರಸುಗಳು 40. ಭಾರತ ಸದಸ್ಯನಾದದ್ದು 2010ರಲ್ಲಿ. ಶಿಫಾರಸು ಎಂಬ ಹೆಸರು ಮೃದುವಾಗಿದೆ, ಆದರೆ ಪಾಲಿಸದ ದೇಶವನ್ನು ನಿಗಾ ಇಡುವ ಬೂದು ಪಟ್ಟಿಗೆ ಹಾಕಿದರೆ ಅದರ ಬ್ಯಾಂಕುಗಳಿಗೆ ವಿದೇಶಿ ವ್ಯವಹಾರವೇ ದುಬಾರಿಯಾಗುತ್ತದೆ. ಭಾರತದ ಪರೀಕ್ಷೆ 2023ರ ಕೊನೆಯಲ್ಲಿ ನಡೆದು, ವರದಿ 2024ರ ಸೆಪ್ಟೆಂಬರಿನಲ್ಲಿ ಹೊರಬಂತು. ಒಳ್ಳೆಯ ದರ್ಜೆಯೇ ಸಿಕ್ಕಿತು. ಆದರೆ ಎರಡು ಕಡೆ ಕೆಂಪು ಗೆರೆ ಎಳೆದರು: ಮೊಕದ್ದಮೆಗಳು ಮುಗಿಯಲು ತುಂಬ ಕಾಲ ಹಿಡಿಯುತ್ತದೆ, ಮತ್ತು ಸ್ವಯಂಸೇವಾ ಸಂಸ್ಥೆಗಳ ಮೇಲಿನ ಕ್ರಮಗಳು ನಿಜವಾದ ಅಪಾಯ ಎಲ್ಲಿದೆಯೋ ಅಲ್ಲಿಗೆ ತಕ್ಕಂತೆ ಇರಬೇಕು.

ದಾಳಿಗಳಿಗೆ ಬೇಕಾಗುವ ಹಣ ಹೆಚ್ಚೇನಲ್ಲ. ಅಮೆರಿಕದ ತನಿಖಾ ಆಯೋಗದ ಲೆಕ್ಕದಲ್ಲಿ 2001ರ ದಾಳಿಯ ಇಡೀ ಯೋಜನೆಗೆ ಆದ ಖರ್ಚು 4ರಿಂದ 5 ಲಕ್ಷ ಡಾಲರ್. ಅದಕ್ಕಿಂತ ಸಣ್ಣ ದಾಳಿಗಳ ಖರ್ಚು ಒಬ್ಬ ನೌಕರನ ಸಂಬಳದೊಳಗೇ ಬರುತ್ತದೆ. ಹಾಗಾಗಿ ದೊಡ್ಡ ಮೊತ್ತವನ್ನಷ್ಟೇ ಕಾಯುತ್ತ ಕೂತರೆ ಪ್ರಯೋಜನವಿಲ್ಲ. ಬ್ಯಾಂಕು ತಿಂಗಳಲ್ಲಿ 10 ಲಕ್ಷ ದಾಟಿದ ನಗದು ವ್ಯವಹಾರವನ್ನು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ಮುಂದಿನ ತಿಂಗಳ 15ರೊಳಗೆ ತಿಳಿಸಬೇಕು. ಇದು ಯಾಂತ್ರಿಕ ವರದಿ, ಇದರಲ್ಲಿ ಯಾರ ಮೇಲೂ ಆರೋಪವಿಲ್ಲ. ಸಂಶಯದ ವರದಿ ಬೇರೆ. ಅದಕ್ಕೆ ಕನಿಷ್ಠ ಮೊತ್ತವೇ ಇಲ್ಲ, ಸಂಶಯ ಖಚಿತವಾದ ಮೇಲೆ ತಡ ಮಾಡದೆ ಕಳಿಸಬೇಕು, ಕಳಿಸಿದ್ದನ್ನು ಗ್ರಾಹಕರಿಗೆ ಹೇಳುವಂತಿಲ್ಲ. ಕೌಂಟರಿನಲ್ಲಿರುವವರು ಕಾರಣ ಹೇಳದೆ ತಡಕಾಡುವುದು ಕೆಲವೊಮ್ಮೆ ಸೋಮಾರಿತನ, ಕೆಲವೊಮ್ಮೆ ಕಾನೂನು.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇಲ್ಲಿ ಆಗುವ ಎಡವಟ್ಟು ಒಂದಿದೆ. ವಾರದ ಬಟವಾಡೆಗೆ ದೊಡ್ಡ ನಗದು ತೆಗೆಯಬೇಕು, ಮೆಣಸು ಮಾರಿದ ನಗದು ಕಟ್ಟಬೇಕು. 'ಹತ್ತು ಲಕ್ಷ ದಾಟಿದರೆ ತೊಂದರೆ' ಎಂದು ಯಾರೋ ಹೇಳಿದ್ದನ್ನು ಕೇಳಿ ಮೂರು ಮೂರು ಲಕ್ಷವಾಗಿ ತುಂಡು ಮಾಡಿ ಕಟ್ಟುತ್ತಾರೆ. ಒಂದಕ್ಕೊಂದು ಸಂಬಂಧಿಸಿದ ಸಣ್ಣ ವ್ಯವಹಾರಗಳು ತಿಂಗಳಲ್ಲಿ ಕೂಡಿ ಮಿತಿ ದಾಟಿದರೂ ವರದಿಯಾಗುತ್ತದೆ, ಮೇಲಾಗಿ ತುಂಡು ಮಾಡಿದ್ದೇ ಸಂಶಯಕ್ಕೆ ಗುರುತು. ಬಿಲ್ಲು, ಬಟವಾಡೆ ಪುಸ್ತಕ ಇಟ್ಟುಕೊಂಡು ಒಂದೇ ಸಲ ಕಟ್ಟುವುದು ಎಷ್ಟೋ ವಾಸಿ. ಇನ್ನೊಂದು, ಇದಕ್ಕಿಂತ ಗಂಭೀರ: ಕಾಲೇಜು ಹುಡುಗರು ಮತ್ತು ಕೂಲಿಯವರು ತಿಂಗಳಿಗೆ ಕೆಲವು ಸಾವಿರಕ್ಕೆ ತಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ ಬಾಡಿಗೆಗೆ ಕೊಡುವುದು. ಸೈಬರ್ ವಂಚಕರ ಹಣ ಹರಿಯುವ ಈ ಕೊಳವೆಯಲ್ಲಿ ಇನ್ನೇನು ಹರಿದರೂ ಖಾತೆದಾರನಿಗೆ ತಿಳಿಯುವುದಿಲ್ಲ. ಹೆಸರು ಮಾತ್ರ ಅವನದೇ.

ಪಟ್ಟಿಗಳ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 1999ರ 1267ನೇ ನಿರ್ಣಯದಿಂದ ಶುರುವಾದ ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಗೆ ಒಂದು ಹೆಸರು ಸೇರಿದರೆ ಅದು ವಿದೇಶಾಂಗ ಸಚಿವಾಲಯ, ಗೃಹ ಸಚಿವಾಲಯ, ರಿಸರ್ವ್ ಬ್ಯಾಂಕ್ ದಾಟಿ ಪೊನ್ನಂಪೇಟೆಯ ಬ್ಯಾಂಕ್ ಶಾಖೆಯ ಕಂಪ್ಯೂಟರಿನವರೆಗೂ ಇಳಿಯುತ್ತದೆ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) 51ಎ ಕಲಮಿನಡಿ, ಹೆಸರು ಹೊಂದಿದರೆ ಬ್ಯಾಂಕು 24 ಗಂಟೆಯೊಳಗೆ ತಿಳಿಸಬೇಕು, ಹಣ ಹೆಪ್ಪುಗಟ್ಟುತ್ತದೆ. ಕಂಪ್ಯೂಟರಿಗೆ ಮನುಷ್ಯ ಗೊತ್ತಿಲ್ಲ, ಕಾಗುಣಿತ ಗೊತ್ತು. ಮೊಹಮ್ಮದ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಹತ್ತು ಬಗೆಯಲ್ಲಿ ಬರೆಯುತ್ತಾರೆ. ಕೊಡವರಲ್ಲಿ ಮನೆತನದ ಹೆಸರು ಮೊದಲು, ಕೊಡಂದೇರ ಮಾದಪ್ಪ ಕಾರ್ಯಪ್ಪ ಎನ್ನುವಂತೆ. ಪಾಸ್‌ಪೋರ್ಟಿನಲ್ಲಿ ಅದು ಕೊನೆಗೆ ಹೋಗುತ್ತದೆ, ಆಧಾರಿನಲ್ಲಿ ಬರೀ ಇನಿಷಿಯಲ್ಲಾಗುತ್ತದೆ, ಬ್ಯಾಂಕಿನಲ್ಲಿ ಮಾಯವಾಗುತ್ತದೆ. ಹೀಗಾದಾಗ ವಿದೇಶದಿಂದ ಮಗ ಕಳಿಸಿದ ಹಣ ವಾರಗಟ್ಟಲೆ ನಡುವೆ ನಿಲ್ಲುವುದುಂಟು. ಹೆಸರು, ಜನ್ಮ ದಿನಾಂಕ, ತಂದೆಯ ಹೆಸರು ಮೂರೂ ದಾಖಲೆಗಳಲ್ಲಿ ಒಂದೇ ರೀತಿ ಇರುವಂತೆ ಮಾಡಿಸಿಟ್ಟುಕೊಂಡರೆ ತಪ್ಪು ಹೊಂದಿಕೆಗೆ ಅವಕಾಶ ಕಡಿಮೆ. ಆಕಸ್ಮಾತ್ ತಪ್ಪಾಗಿ ತಡೆಹಿಡಿದರೆ ಪುರಾವೆಯೊಂದಿಗೆ ಬ್ಯಾಂಕಿಗೇ ಲಿಖಿತ ಅರ್ಜಿ ಕೊಡಬೇಕು, ಅದು ಗೃಹ ಸಚಿವಾಲಯದ ನೋಡಲ್ ಅಧಿಕಾರಿಗೆ ಹೋಗುತ್ತದೆ.

ಮೇಲಿನ ಮಟ್ಟದಲ್ಲೂ ಇದೇ ತಪ್ಪು ನಡೆದಿದೆ. ಸೌದಿಯ ಉದ್ಯಮಿ ಯಾಸಿನ್ ಖಾದಿಯ ಹೆಸರು 2001ರಲ್ಲಿ ಪಟ್ಟಿ ಸೇರಿತು, ಯಾಕೆ ಎಂದು ಅವರಿಗೆ ಹೇಳುವವರಿರಲಿಲ್ಲ, ಮೇಲ್ಮನವಿಗೆ ಜಾಗವೂ ಇರಲಿಲ್ಲ. ಹೀಗೆ ವಾದ ಕೇಳದೆ ಆಸ್ತಿ ತಡೆಯುವುದು ಸಲ್ಲದು ಎಂದು ಯುರೋಪಿನ ನ್ಯಾಯಾಲಯ 2008ರಲ್ಲಿ ಹೇಳಿತು. 2009ರಲ್ಲಿ ಭದ್ರತಾ ಮಂಡಳಿ ಪಟ್ಟಿಯ ವಿರುದ್ಧ ದೂರು ಕೇಳಲು ಸ್ವತಂತ್ರ ಓಂಬುಡ್ಸ್‌ಪರ್ಸನ್ ಹುದ್ದೆ ಮಾಡಿತು. ಖಾದಿಯ ಹೆಸರು ಹೊರಬರುವಾಗ 2012. ಇನ್ನೊಂದು ತುದಿಯಲ್ಲಿ, ಜೈಷ್-ಎ-ಮೊಹಮ್ಮದ್ ಮುಖ್ಯಸ್ಥ ಮಸೂದ್ ಅಜರ್ ಹೆಸರು ಪಟ್ಟಿ ಸೇರಲು ಭಾರತ ವರ್ಷಗಟ್ಟಲೆ ಕಾದು, ಚೀನಾ ತಡೆ ತೆಗೆದ ಮೇಲೆ 2019ರ ಮೇ 1ರಂದಷ್ಟೇ ಆಯಿತು. ಸೇರಬೇಕಾದವರು ಸೇರುವುದು ನಿಧಾನ, ತೆಗೆಯಬೇಕಾದವರನ್ನು ತೆಗೆಯುವುದೂ ನಿಧಾನ.

ದೇಣಿಗೆಯ ವಿಷಯದಲ್ಲಿ ಒಂದು ಗೊಂದಲ ಕೊಡಗಿನಲ್ಲಿ ಪದೇಪದೇ ಬರುತ್ತದೆ. 2018ರ ಆಗಸ್ಟಿನ ಭೂಕುಸಿತದಂಥ ಹೊತ್ತಿನಲ್ಲಿ ಸಂಘ, ಟ್ರಸ್ಟುಗಳಿಗೆ ಹೊರದೇಶದಲ್ಲಿರುವ ನಮ್ಮವರೆಲ್ಲ ಹಣ ಕಳಿಸಲು ಮುಂದಾಗುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿರುವ ನೆಂಟ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ಅಣ್ಣನ ಮಗ ಕಳಿಸಿದರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ 20 ಶೇಕಡ ಮೀರುವಂತಿಲ್ಲ. ಎರಡೂ ಬಗೆಯ ಹಣವನ್ನು ಒಂದೇ ಖಾತೆಗೆ ಹಾಕಿಸಿಕೊಂಡ ಸಂಘ ಸದುದ್ದೇಶದಿಂದಲೇ ಕಾನೂನು ಮುರಿದಂತೆ. ಅಂದ ಹಾಗೆ ಎಫ್‌ಎಟಿಎಫ್ ಸ್ವಯಂಸೇವಾ ಸಂಸ್ಥೆಗಳ ಬಗೆಗಿನ ತನ್ನ ಎಂಟನೇ ಶಿಫಾರಸನ್ನು 2016ರಲ್ಲೂ 2023ರಲ್ಲೂ ತಿದ್ದಿ, ಎಲ್ಲ ಸಂಸ್ಥೆಗಳನ್ನೂ ಸಂಶಯದಿಂದ ನೋಡಬೇಡಿ, ಅಪಾಯವಿರುವ ಕಡೆ ಮಾತ್ರ ಗಮನ ಹರಿಸಿ ಎಂದಿದೆ. ಆ ತಿದ್ದುಪಡಿ ನಮ್ಮ ಕಚೇರಿಗಳ ಮೇಜಿಗೆ ಇನ್ನೂ ಬಂದು ಮುಟ್ಟಿದಂತೆ ಕಾಣುವುದಿಲ್ಲ.

ಕೋವಿಯ ಬಗ್ಗೆ ಎರಡೇ ಮಾತು. ಶಸ್ತ್ರಾಸ್ತ್ರ ಭಯೋತ್ಪಾದಕರ ಕೈ ಸೇರದಂತೆ ನೋಡಬೇಕೆಂದು 2017ರ 2370ನೇ ನಿರ್ಣಯ. ಇತ್ತ ಕೊಡವರಿಗೆ ಮತ್ತು ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಇವೆರಡಕ್ಕೂ ಜಗಳವಿದೆ ಎಂದು ಹೊರಗಿನವರು ಬರೆಯುವುದುಂಟು. ವಿನಾಯಿತಿ ಲೈಸೆನ್ಸಿಗೆ ಮಾತ್ರ, ಲೆಕ್ಕಕ್ಕಲ್ಲ. ಅಪಾಯ ಇರುವುದು ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗಿಡುವ ಕೋವಿಯಲ್ಲಲ್ಲ, ಯಜಮಾನರು ತೀರಿಹೋಗಿ ಮಕ್ಕಳೆಲ್ಲ ಬೆಂಗಳೂರು ಸೇರಿ, ಬೀಗ ಹಾಕಿದ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಯಾರ ಹೆಸರಿಗೂ ವರ್ಗವಾಗದೆ ಉಳಿದ ಕೋವಿಯಲ್ಲಿ. ವಾರಸುದಾರರು ಪೊಲೀಸರಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು, ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿ ಇಡಬೇಕು, ಕಳುವಾದರೆ ಮಾನ ಹೋಗುತ್ತದೆಂದು ಮುಚ್ಚಿಡದೆ ಅದೇ ದಿನ ದೂರು ಕೊಡಬೇಕು.

ಲೈನ್‌ಮನೆಗಳ ವಿಷಯಕ್ಕೆ ಬಂದರೆ ಮಾತು ಖಾರವಾಗುತ್ತದೆ. ಅಸ್ಸಾಂ, ಬಂಗಾಳ, ಒಡಿಶಾದಿಂದ ಬಂದವರು ಕೊಯ್ಲು ಮಾಡದಿದ್ದರೆ ಕೊಡಗಿನ ಕಾಫಿ ಗಿಡದಲ್ಲೇ ಒಣಗುವ ಕಾಲ ಇದು. ಅವರನ್ನು ಬಾಂಗ್ಲಾದವರು, ಅಲ್ಲಿಂದ ಮುಂದೆ ಉಗ್ರರು ಎಂದು ವಾಟ್ಸಾಪಿನಲ್ಲಿ ಕರೆದು ಮುಗಿಸುವುದು ಸುಲಭ. ಎಸ್ಟೇಟ್ ಮಾಲೀಕರು ಮಾಡಬೇಕಾದದ್ದು: ಕೆಲಸಕ್ಕೆ ಸೇರುವ ಪ್ರತಿಯೊಬ್ಬರ, ಸ್ಥಳೀಯರದ್ದೂ ಸೇರಿಸಿ, ಗುರುತಿನ ಚೀಟಿಯ ಪ್ರತಿ, ಫೋಟೋ, ಊರಿನ ವಿಳಾಸ, ಮನೆಯವರೊಬ್ಬರ ಫೋನ್ ನಂಬರು, ಕರೆತಂದ ಮೇಸ್ತ್ರಿಯ ಹೆಸರು, ಸೇರಿದ ಮತ್ತು ಬಿಟ್ಟ ದಿನ ಬರೆದಿಡುವುದು. ಬಿಟ್ಟ ದಿನವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಮೂಲ ಆಧಾರ್ ಕಸಿದಿಟ್ಟುಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ. ಅದು ಭದ್ರತೆ ಅಲ್ಲ, ಕೂಲಿಯವನು ಓಡಿಹೋಗದಂತೆ ಹಾಕುವ ಹಗ್ಗ. ಹೀಗೆ ಹಗ್ಗ ಹಾಕಿಸಿಕೊಂಡವನು ಪಕ್ಕದ ಲೈನಿನಲ್ಲಿ ಏನೋ ಸರಿಯಿಲ್ಲ ಎಂದು ಕಂಡರೂ ಬಂದು ಹೇಳುವುದಿಲ್ಲ.

ಇದು ನಮ್ಮ ಊಹೆ ಮಾತ್ರವಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕಾಗಿ ಆಫ್ರಿಕಾದಲ್ಲಿ ಉಗ್ರ ಗುಂಪುಗಳಿಗೆ ತಾವಾಗಿ ಸೇರಿದ್ದ ನೂರಾರು ಜನರನ್ನು ಮಾತಾಡಿಸಿದರು. ಕೊನೆಯ ಹೆಜ್ಜೆ ಇಡಿಸಿದ್ದು ಯಾವುದು ಎಂದರೆ 71 ಶೇಕಡ ಜನ ಹೇಳಿದ್ದು ಸರ್ಕಾರದ ನಡೆಯನ್ನು: ಮನೆಯವರ ಅಥವಾ ಗೆಳೆಯರ ಕೊಲೆ, ಬಂಧನದಂಥವು. ಧರ್ಮದ ಕಾರಣ ಕೊಟ್ಟವರೂ ಬಹಳ ಇದ್ದರು, ಆದರೆ 57 ಶೇಕಡ ಜನರಿಗೆ ತಮ್ಮ ಧರ್ಮಗ್ರಂಥ ಅಷ್ಟಾಗಿ ಗೊತ್ತೇ ಇರಲಿಲ್ಲ. ಇದಕ್ಕೆ ಒಂದು ವರ್ಷ ಮೊದಲು, 2016ರ ಜನವರಿಯಲ್ಲಿ, ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹಿಂಸಾತ್ಮಕ ಉಗ್ರವಾದ ತಡೆಯುವ ಕ್ರಿಯಾ ಯೋಜನೆಯನ್ನು ಮಹಾಸಭೆಯ ಮುಂದಿಟ್ಟಿದ್ದರು. ಬರೀ ಪೊಲೀಸು, ಸೈನ್ಯದಿಂದ ಆಗದು, ಆಡಳಿತ, ಶಿಕ್ಷಣ, ಉದ್ಯೋಗ, ಮಹಿಳೆಯರು, ಯುವಕರು, ಇಂಟರ್ನೆಟ್ ಎಲ್ಲವನ್ನೂ ಹಿಡಿಯಬೇಕು ಎಂಬುದು ಅದರ ತಿರುಳು. ಆ ಹಾಳೆಗಳನ್ನು ಓದಿದರೆ ಯಾರೂ ಬೇಡ ಎನ್ನಲಾರರು. ಮಾಡುವುದು ಹೇಗೆ ಎಂಬಲ್ಲಿ ದೇಶಗಳು ಬೇರೆಯಾದವು.

ಇಂಟರ್ನೆಟ್ಟಿನ ಭಾಗವನ್ನು ಮೊದಲು ಮುಗಿಸೋಣ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಬಿಳಿಯ ಜನಾಂಗವಾದಿಯೊಬ್ಬ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದು ಅದನ್ನು ನೇರ ಪ್ರಸಾರ ಮಾಡಿದ. ಫೇಸ್‌ಬುಕ್ ಹೇಳಿದಂತೆ, ನೇರವಾಗಿ ನೋಡಿದವರು 200ಕ್ಕಿಂತ ಕಡಿಮೆ, ಮೊದಲ ದೂರು ಬಂದದ್ದು ಪ್ರಸಾರ ಶುರುವಾಗಿ 29 ನಿಮಿಷಕ್ಕೆ. ಮುಂದಿನ 24 ಗಂಟೆಯಲ್ಲಿ ತೆಗೆದ ಪ್ರತಿಗಳು 15 ಲಕ್ಷ, ಅದರಲ್ಲಿ 12 ಲಕ್ಷ ಏರಿಸುವಾಗಲೇ ತಡೆದದ್ದು. ಹರಡಿದ್ದು ಕೊಲೆಗಾರನಲ್ಲ, ಬೇಕೆಂದೇ ಮತ್ತೆ ಮತ್ತೆ ಏರಿಸಿದವರು, ಜೊತೆಗೆ ನೋಡಿ ಗಾಬರಿಯಾಗಿ ಹಂಚಿದವರು. ಕಂಪನಿಗಳು ಇಂಥ ವಿಡಿಯೋಗಳ ಡಿಜಿಟಲ್ ಬೆರಳಚ್ಚನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಅಂಚು ಕತ್ತರಿಸಿದರೆ, ಟಿವಿ ಪರದೆಯಿಂದ ಮತ್ತೆ ಚಿತ್ರೀಕರಿಸಿದರೆ ಬೆರಳಚ್ಚು ಬದಲಾಗಿ ಜಾರಿಹೋಗುತ್ತದೆ. ವಾಟ್ಸಾಪಿನಲ್ಲಂತೂ ಒಳಗಿನದನ್ನು ಯಾರೂ ನೋಡಲಾಗದು, ತಡೆಯೂ ಹೆಚ್ಚಿಲ್ಲ, ಭಾರತದಲ್ಲಿ 2018ರಿಂದ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಬಿಟ್ಟರೆ. ಮಡಿಕೇರಿಗೆ 2015ರ ನವೆಂಬರಿನ ಟಿಪ್ಪು ಜಯಂತಿ ಗಲಭೆ ನೆನಪಿದೆ, ಗುಂಪು ಸೇರುವ ವೇಗವೂ ಗೊತ್ತಿದೆ. ಇಂಥ ವಿಡಿಯೋ ಕೈಗೆ ಬಂದರೆ 'ನೋಡಿ ಎಂಥ ಅನ್ಯಾಯ' ಎಂದು ಕೂಡ ಕಳಿಸಬೇಡಿ. ಕಳಿಸಿದವರ ನಂಬರು, ಗುಂಪಿನ ಹೆಸರು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆ್ಯಪಿನಲ್ಲೇ ರಿಪೋರ್ಟ್ ಮಾಡಿ, ಠಾಣೆಗೆ ಕೊಡಿ.

ಮನುಷ್ಯರನ್ನು ವಾಪಸು ತರುವ ಕೆಲಸ ಎಲ್ಲಕ್ಕಿಂತ ಕಷ್ಟ. ಡೆನ್ಮಾರ್ಕಿನ ಆರ್ಹುಸ್ ನಗರದಿಂದ 2013ರಲ್ಲಿ ಸುಮಾರು 30 ಯುವಕರು ಸಿರಿಯಾಕ್ಕೆ ಹೋದರು, 2014ರಲ್ಲಿ ಹೋದವನು ಒಬ್ಬ. ಎಲ್ಲ ಶ್ರೇಯಸ್ಸೂ ಅಲ್ಲಿನ ಕಾರ್ಯಕ್ರಮಕ್ಕೇ ಸಲ್ಲುತ್ತದೆ ಎನ್ನಲಾಗದು, ಆದರೆ ಅವರು ಮಾಡಿದ್ದನ್ನು ತಿಳಿದಿರಬೇಕು. ಶಾಲೆ, ಸಮಾಜ ಕಲ್ಯಾಣ, ಪೊಲೀಸು ಒಟ್ಟಿಗೆ ಕೂರುವ ಪದ್ಧತಿ ಅಲ್ಲಿ 1970ರ ದಶಕದಿಂದಲೇ ಇತ್ತು, ಪುಂಡ ಹುಡುಗರಿಗಾಗಿ ಮಾಡಿದ್ದು. ಅದನ್ನೇ ಬಳಸಿದರು. ತಾಯಿಯೋ ಮೇಷ್ಟ್ರೋ ಫೋನ್ ಮಾಡುತ್ತಾರೆ. ಮೊದಲು ನೋಡುವುದು ಇದು ಬರೀ ಹರೆಯದ ಸಿಟ್ಟೇ, ಹೊಸದಾಗಿ ಹತ್ತಿದ ಭಕ್ತಿಯೇ, ನಿಜವಾದ ಅಪಾಯವೇ ಎಂದು. ಹೆಚ್ಚಿನವು ಮೊದಲೆರಡೇ, ಅಲ್ಲಿಗೆ ಬಿಡುತ್ತಾರೆ. ಉಳಿದವರಿಗೆ ಒಬ್ಬ ಮಾರ್ಗದರ್ಶಿ ಗೊತ್ತುಮಾಡುತ್ತಾರೆ, ಕೆಲಸ, ಮನೆ, ಓದಿಗೆ ದಾರಿ ಮಾಡುತ್ತಾರೆ, ಸಿರಿಯಾದಿಂದ ಮರಳಿದವರಲ್ಲೂ ಅಪರಾಧ ಮಾಡದವರಿಗೆ ಇದೇ ದಾರಿ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಪೊಂಟುರ್ನಿ ಎಂಬಲ್ಲಿ ಹಳೆಯ ಬಂಗಲೆಯೊಂದರಲ್ಲಿ 25 ಜನರ ಕೇಂದ್ರ 2016ರ ಸೆಪ್ಟೆಂಬರಿನಲ್ಲಿ ತೆರೆಯಿತು, ಸಮವಸ್ತ್ರ, ಧ್ವಜವಂದನೆ, ಪಾಠ. ಸೇರಿದವರು ಒಂಬತ್ತೇ ಜನ, ಯಾರೂ ಪೂರ್ತಿ ಮಾಡಲಿಲ್ಲ, ವರ್ಷ ತುಂಬುವ ಮೊದಲೇ ಮುಚ್ಚಿತು. ಇಷ್ಟಪಟ್ಟು ಬರಬೇಕು ಎಂಬ ನಿಯಮವಿತ್ತು, ಅಪಾಯಕಾರಿಗಳು ಇಷ್ಟಪಟ್ಟು ಬರಲಿಲ್ಲ. ಬ್ರಿಟನ್ 2015ರಿಂದ ಶಾಲೆ, ಆಸ್ಪತ್ರೆಗಳಂಥ ಸಂಸ್ಥೆಗಳ ಮೇಲೆ ಜನ ಭಯೋತ್ಪಾದನೆಯತ್ತ ಜಾರದಂತೆ ಗಮನ ಕೊಡುವ ಕಾನೂನು ಕರ್ತವ್ಯ ಹೊರಿಸಿತು, ಶಿಕ್ಷಕರು, ವೈದ್ಯರು ಸಂಶಯ ಬಂದರೆ ವರದಿ ಮಾಡತೊಡಗಿದರು. ತಪ್ಪು ವರದಿಗಳ ರಾಶಿ ಬಿತ್ತು, ಮುಸ್ಲಿಂ ಮನೆಗಳು ಶಾಲೆಯ ಮೇಲಿನ ನಂಬಿಕೆ ಕಳೆದುಕೊಂಡವು. ಇಷ್ಟಾದರೂ 2024ರ ಜುಲೈಯಲ್ಲಿ ಸೌತ್‌ಪೋರ್ಟಿನಲ್ಲಿ ಮೂವರು ಹೆಣ್ಣುಮಕ್ಕಳನ್ನು ಕೊಂದ ಹುಡುಗನ ಬಗ್ಗೆ ಮೂರು ಸಲ ವರದಿ ಬಂದಿತ್ತು. ಸ್ಪಷ್ಟ ಸಿದ್ಧಾಂತ ಕಾಣಲಿಲ್ಲವೆಂದು ಮೂರು ಸಲವೂ ಕಡತ ಮುಚ್ಚಿದ್ದರು. ಹಿಂಸೆಯ ಗೀಳನ್ನು ನೋಡದೆ ಬಾವುಟದ ಬಣ್ಣ ಹುಡುಕಿದರೆ ಹೀಗಾಗುತ್ತದೆ.

ನಮ್ಮ ನೆರೆಯಲ್ಲೇ ಎರಡು ಪಾಠಗಳಿವೆ. ಕರಿಕೆಯ ಘಾಟಿ ಇಳಿದರೆ ಸಿಗುವ ಕಾಸರಗೋಡು ಜಿಲ್ಲೆಯಿಂದಲೇ ಹೆಚ್ಚಿನವರಿದ್ದ 21 ಜನರ ಗುಂಪು 2016ರಲ್ಲಿ ಐಎಸ್ ಉಗ್ರ ಸಂಘಟನೆ ಸೇರಲು ಅಫ್ಘಾನಿಸ್ತಾನಕ್ಕೆ ಹೋಯಿತು, ಓದಿದವರು, ಗರ್ಭಿಣಿಯರು, ಮಕ್ಕಳು ಸಮೇತ. ಬಡತನ ಒಂದೇ ಕಾರಣ ಎನ್ನುವವರಿಗೆ ಇದು ಉತ್ತರ. ಅವರು ಹೋದ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸಿದ್ದು ಮನೆಯವರು. ಇನ್ನೊಂದು, ಪಶ್ಚಿಮ ಘಟ್ಟದ ನಕ್ಸಲರದ್ದು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಜನ ಶರಣಾದರು: ನಾಲ್ವರು ಕರ್ನಾಟಕದವರು, ಕೇರಳ ಮತ್ತು ತಮಿಳುನಾಡಿನ ತಲಾ ಒಬ್ಬರು. ನಡುವೆ ನಿಂತು ಮಾತಾಡಿದ್ದು ನಾಗರಿಕ ವೇದಿಕೆಯ ಜನ. ಸರ್ಕಾರ ಘೋಷಿಸಿದ ಪ್ಯಾಕೇಜು ಕರ್ನಾಟಕದವರಿಗೆ ತಲಾ 7.5 ಲಕ್ಷ, ಹೊರರಾಜ್ಯದವರಿಗೆ 4 ಲಕ್ಷ, ಕಂತುಗಳಲ್ಲಿ. ಮೊಕದ್ದಮೆಗಳು ಉಳಿದೇ ಇರುತ್ತವೆ. ಹಣ ಸಿಗುವುದಕ್ಕಿಂತ ಮುಖ್ಯ, ಶರಣಾದ ಮೇಲೆ ಹೊಡೆದು ಹಾಕುವುದಿಲ್ಲ ಎಂದು ನಂಬಿಸಬಲ್ಲ ಮೂರನೆಯವರೊಬ್ಬರು ಇದ್ದದ್ದು. ಪೊಲೀಸರಿಂದ ಮಾತ್ರ ಈ ಕೆಲಸ ಎಲ್ಲಿಯೂ ಆಗಿಲ್ಲ.

ಮನೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಜಾರುತ್ತಿದ್ದಾರೆ ಎನಿಸಿದರೆ ನೋಡಬೇಕಾದದ್ದು ಗಡ್ಡ, ಕುಂಕುಮ, ತೊಡುಗೆಗಳನ್ನಲ್ಲ. ಹಳೆಯ ಗೆಳೆಯರನ್ನು ಒಮ್ಮೆಲೇ ಬಿಡುವುದು, ಒಂದು ಗುಂಪಿನ ಜನರನ್ನು ಹುಳ ಹುಪ್ಪಟೆ ಎಂಬಂತೆ ಮಾತಾಡುವುದು, ಕೊಲೆಯ ವಿಡಿಯೋಗಳನ್ನು ಮತ್ತೆ ಮತ್ತೆ ನೋಡುವುದು, ಇದ್ದಕ್ಕಿದ್ದಂತೆ ಸಾಲ ತೀರಿಸುವುದು, ವಸ್ತುಗಳನ್ನು ಹಂಚುವುದು, ಬೀಳ್ಕೊಡುವ ಧಾಟಿಯ ಮಾತು. ಒಂದೇ ಲಕ್ಷಣದಿಂದ ಏನೂ ಸಾಬೀತಾಗದು, ಹಲವು ಒಟ್ಟಿಗೆ, ಕೆಲವು ವಾರಗಳಲ್ಲಿ ಬಂದರೆ ತಡ ಮಾಡಬಾರದು. ಧರ್ಮದ ಬಗ್ಗೆ, ರಾಜಕೀಯದ ಬಗ್ಗೆ ವಾದಕ್ಕೆ ಇಳಿಯಬೇಡಿ, ಅವನಿಗೆ ಆ ವಾದದ ಉತ್ತರ ಈಗಾಗಲೇ ಬಾಯಿಪಾಠ ಮಾಡಿಸಿರುತ್ತಾರೆ. ಏನು ನೋವಾಯಿತು, ಯಾರು ಅವಮಾನ ಮಾಡಿದರು ಎಂದು ಕೇಳಿ. ಅವನು ಮಾತು ಕೇಳುವ ಒಬ್ಬರು, ಸೋದರಮಾವನೋ ಹಾಕಿ ಕೋಚೋ, ಪಕ್ಕದಲ್ಲಿರಲಿ. ಮನಸ್ಸು ಕೆಟ್ಟಿದೆ ಎನಿಸಿದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹದಿನೆಂಟರ ಒಳಗಿನವರಾದರೆ 1098 ಇದೆ, ಈಗಲೇ ಏನೋ ಮಾಡಿಬಿಡುತ್ತಾನೆ ಎಂಬಂತಿದ್ದರೆ 112. ಹೆಚ್ಚಿನ ಅಪ್ಪಂದಿರು ಮೊದಲು ಮಾಡುವ ಕೆಲಸ ಫೋನ್ ಕಸಿದು ಒಡೆಯುವುದು. ಹಾಗೆ ಮಾಡಬೇಡಿ. ಅವನು ವಾರದೊಳಗೆ ನಿಮಗೆ ತಿಳಿಯದ ಎರಡನೇ ಫೋನ್ ಕೊಳ್ಳುತ್ತಾನೆ, ಇಷ್ಟು ದಿನ ಆ ಕಡೆಯಿಂದ ಮಾತಾಡುತ್ತಿದ್ದವನು ಯಾರು ಎಂದು ಹೇಳಬಲ್ಲ ಏಕೈಕ ವಸ್ತುವೂ ಹೋಗಿರುತ್ತದೆ.